ನೀಲಿ ಉಂಗುರದವನು

ನನ್ನ ಬಾಮೈದನ ಮುಖವನ್ನು ಎರಡು ಮಹಡಿ ಎತ್ತರಕ್ಕೆ ದೊಡ್ಡದು ಮಾಡಿ ನೇತುಹಾಕಿಸಿದವನು ನಾನೇ. ಪ್ರೀತಿಯಿಂದಲ್ಲ. ಅಷ್ಟು ಎತ್ತರದಿಂದ ಅವನ ಮಾನ ಕೆಳಗೆ ಬೀಳಲಿ ಅಂತ. ಹೆಂಡತಿಯ ಒಡಹುಟ್ಟಿದವನಿಗೆ ಯಾರಾದರೂ ಹೀಗೆ ಮಾಡುತ್ತಾರಾ ಎಂದು ಕೇಳುವವರು ಇದ್ದಾರೆ. ಮಾಡುತ್ತಾರೆ ಸ್ವಾಮಿ, ಮೊದಲು ಕೂತು ಪೂರ್ತಿ ಕೇಳಿ.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನ ಸ್ಟುಡಿಯೋ. ಕೆಳಗೆ ಅಂಗಡಿ, ಮೇಲೆ ಮನೆ. ನಾನು ಫೋಟೋ ತೆಗೆಯುತ್ತೇನೆ, ನನ್ನವಳು ಕಂಪ್ಯೂಟರಿನ ಮುಂದೆ ಕೂತು ತಿದ್ದುತ್ತಾಳೆ. ಮೊಡವೆ ಅಳಿಸುತ್ತಾಳೆ, ಕೆದರಿದ ಕೂದಲು ಕೂರಿಸುತ್ತಾಳೆ, ಗುಂಪು ಫೋಟೋದಲ್ಲಿ ಕಣ್ಣು ಮುಚ್ಚಿದವರಿಗೆ ಬೇರೆ ಫೋಟೋದಿಂದ ಕಣ್ಣು ತಂದು ಅಂಟಿಸುತ್ತಾಳೆ. ಊರಿನವರ ಕಣ್ಣೆಲ್ಲ ತೆರೆಸಿದ ಈ ಮಹಾತಾಯಿ ತಾನು ಮಾತ್ರ ಫ್ಲ್ಯಾಶ್ ಮಿಂಚಿದ ಕೂಡಲೇ ಕಣ್ಣು ಮುಚ್ಚುತ್ತಾಳೆ. ನಮ್ಮ ಮದುವೆಯ ಆಲ್ಬಮ್ ನೋಡಿದವರು "ಏನಪ್ಪಾ, ಹುಡುಗಿ ನಿದ್ದೆಯಲ್ಲೇ ಒಪ್ಪಿಕೊಂಡ್ಳಾ?" ಎಂದು ಕೇಳುತ್ತಿದ್ದರು. ನಾನು ಹೇಳಿ ನೋಡಿದೆ, ಬೈದು ನೋಡಿದೆ, ಎಣಿಸಿ ನೋಡಿದೆ. ಅವಳ ಕಣ್ಣು ತೆರೆದಿರುವ ಒಂದು ಫೋಟೋ ಕೂಡ ನನ್ನ ಕೈಯಲ್ಲಿ ಆಗಲಿಲ್ಲ.

ಇನ್ನು ನನ್ನ ಕ್ಯಾಮೆರಾ. ಅದರ ಲೆನ್ಸಿನ ಕತ್ತಿಗೆ ತೆಳ್ಳನೆಯ ನೀಲಿ ಬಳೆಯಂಥ ಗುರುತು ಇರುತ್ತದೆ. ಕಂಪನಿಯ ಉದ್ದ ಹೆಸರು ಯಾರ ನಾಲಿಗೆಯಲ್ಲೂ ಹೊರಳದೆ ನಾವೆಲ್ಲ ಅದನ್ನು ನೀಲಿ ಉಂಗುರ ಎಂದೇ ಕರೆಯುತ್ತಿದ್ದೆವು. ಮಿಕ್ಕ ಎಲ್ಲ ಕಂಪನಿಗಳ ಲೆನ್ಸು ಒಂದು ಕಡೆಗೆ ತಿರುಗಿದರೆ ಇದರದ್ದು ಅದಕ್ಕೆ ವಿರುದ್ಧ. ದೂರದ್ದು ಹತ್ತಿರ ಬರಬೇಕಾದರೆ ಎಡಕ್ಕೆ ತಿರುಗಿಸಬೇಕು. ಮೀಸೆ ಚಿಗುರುವ ವಯಸ್ಸಿನಲ್ಲಿ ನನ್ನ ಬೆರಳು ಎಡಕ್ಕೆ ತಿರುಗಲು ಕಲಿತದ್ದು ಮತ್ತೆ ಬಲಕ್ಕೆ ತಿರುಗಲಿಲ್ಲ. ಬೇರೆಯವರ ಕ್ಯಾಮೆರಾ ಕೈಗೆ ಬಂದರೆ ಸ್ವಂತ ಮನೆಯಲ್ಲೇ ಬಾಗಿಲು ಸಿಗದವನ ಹಾಗೆ ತಡವರಿಸುತ್ತೇನೆ. ಕಸುಬಿನವರು ನನ್ನನ್ನು ನೀಲಿಯಣ್ಣ ಎನ್ನುತ್ತಾರೆ. ಕಂಪನಿಯವರು ನನಗೆ ಒಂದು ಟೋಪಿಯನ್ನೂ ಪುಕ್ಕಟೆ ಕೊಟ್ಟವರಲ್ಲ. ಆದರೂ ಯಾರಾದರೂ ಅದರ ಬಗ್ಗೆ ಹಗುರವಾಗಿ ಮಾತಾಡಿದರೆ ಜಗಳಕ್ಕೆ ನಿಲ್ಲುತ್ತಿದ್ದೆ.

ಊರಲ್ಲಿ ನೀಲಿ ಉಂಗುರ ಮಾರುತ್ತಿದ್ದವನು ಈ ನನ್ನ ಬಾಮೈದ. ಅವನಿಗೆ ನಾನಿಟ್ಟ ಹೆಸರು ಬೆಣ್ಣೆ. ಗಿರಾಕಿ ಬಾಗಿಲಿಗೆ ಬರುವ ಮೊದಲೇ ಹಚ್ಚಲು ಶುರು ಮಾಡುತ್ತಾನೆ.

ಬೇಸಿಗೆಯ ಕೊನೆಯಲ್ಲಿ ನಮ್ಮವರ ನಡುವೆ ಗುಸುಗುಸು ಎದ್ದಿತು. ನೀಲಿ ಉಂಗುರದವರು ಕ್ಯಾಮೆರಾ ಮಾಡುವುದನ್ನು ನಿಲ್ಲಿಸುತ್ತಾರಂತೆ ಅಂತ. ನಾನು ನೇರವಾಗಿ ಬೆಣ್ಣೆಯ ಷೋರೂಮಿಗೆ ಹೋಗಿ ಕೇಳಿದೆ.

"ಅಯ್ಯೋ ಭಾವ, ನೀವೂ ಇಂಥ ಮಾತು ನಂಬ್ತೀರಾ?" ಎಂದು ನನ್ನ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದ. "ಕಂಪನಿ ಬಂಡೆ ಥರ ಇದೆ. ನಿಮಗಿಂತ ನನಗೆ ಯಾರು ಹೆಚ್ಚು? ಏನಾದ್ರೂ ಇದ್ರೆ ಮೊದಲು ನಿಮಗೇ ಹೇಳಲ್ವಾ?"

ಹಾಗೆ ಹೇಳಿ ಹೊಸ ಉದ್ದನೆಯ ಲೆನ್ಸೊಂದನ್ನು ಪೆಟ್ಟಿಗೆಯಿಂದ ತೆಗೆದು ನನ್ನ ಕೈಯಲ್ಲಿಟ್ಟ. ಎಡಕ್ಕೆ ತಿರುಗಿಸಿದೆ. ಬೆಳಗಿನ ಮೊಸರಿನ ಹಾಗೆ ನುಣ್ಣಗೆ ತಿರುಗಿತು. ನಾನು ಕರಗಿಹೋದೆ, ತಗೊಂಡೆ. ಅಷ್ಟಕ್ಕೇ ನಿಂತಿದ್ದರೆ ನನ್ನ ಕರ್ಮ ಎಂದು ಸುಮ್ಮನಿರಬಹುದಿತ್ತು. ಮಾರನೆಯ ದಿನ ಶಾಲೆಗಳ ಫೋಟೋ ತೆಗೆಯುವ ಉದ್ದಣ್ಣ ಬಂದು, "ನೀಲಿಯಣ್ಣ, ನನ್ನ ಹಳೇದು ಸತ್ತೋಯ್ತು. ನೀಲಿ ಉಂಗುರನೇ ತಗೊಳ್ಳಲಾ, ಬೇರೆಗೆ ಹೋಗಲಾ?" ಎಂದು ಕೇಳಿದ. ನಾನು ಎದೆ ತಟ್ಟಿಕೊಂಡು ಹೇಳಿದೆ, "ಕಣ್ಣು ಮುಚ್ಚಿಕೊಂಡು ತಗೋ. ನನ್ನ ಬಾಮೈದನೇ ಹೇಳಿದಾನೆ." ಅವನು ತಗೊಂಡ. ಅವನನ್ನು ನೋಡಿ ಇನ್ನೂ ನಾಲ್ಕಾರು ಜನ ತಗೊಂಡರು.

ಮೊದಲ ಮಳೆ ಬೀಳುವ ಹೊತ್ತಿಗೆ ಕಂಪನಿ ಕ್ಯಾಮೆರಾ ವ್ಯಾಪಾರಕ್ಕೆ ಎಳ್ಳುನೀರು ಬಿಟ್ಟಿತು. ಇನ್ನು ಮುಂದೆ ಆಸ್ಪತ್ರೆಯ ಯಂತ್ರ ಮಾತ್ರ ಮಾಡುತ್ತಾರಂತೆ. ಹೊಸ ಕ್ಯಾಮೆರಾ ಇಲ್ಲ, ಬಿಡಿ ಭಾಗವೂ ಇಲ್ಲ, ರಿಪೇರಿ ಅಂಗಡಿಯೂ ಮುಚ್ಚಿತು. ಇಷ್ಟು ಕಾಲ ನಾನು ಜಗಳ ಕಾಯ್ದದ್ದು ಯಾರಿಗೋಸ್ಕರ ಎಂದು ನನ್ನ ಮೇಲೇ ಅಸಹ್ಯ ಬಂತು. ಕಂಪನಿ ಎಲ್ಲೋ ದೂರದಲ್ಲಿತ್ತು, ಬೈದರೆ ಅದಕ್ಕೆ ಕೇಳುವುದಿಲ್ಲ. ಬೆಣ್ಣೆಗೆ ಕೇಳುತ್ತಿತ್ತು.

"ನಿಮ್ಮಾಣೆ ಭಾವ, ನನಗೂ ಪೇಪರ್ ನೋಡಿದ ಮೇಲೇ ಗೊತ್ತಾಗಿದ್ದು," ಎಂದ. ಅವನ ಕಣ್ಣಲ್ಲಿ ನೀರು ಬೇರೆ. ನಾನು ಅದನ್ನೂ ನಂಬಿದೆ.

ಉದ್ದಣ್ಣ ನಂಬಲಿಲ್ಲ. ಸ್ಟುಡಿಯೋಗೇ ಬಂದು, ಒಳಗೆ ಕೂರದೆ ಬಾಗಿಲಲ್ಲೇ ನಿಂತ. ಅವನು ಆರಡಿ ಮೀರಿದ ಆಳು, ನಿಂತರೆ ಬಾಗಿಲಿನ ಬೆಳಕೆಲ್ಲ ಹೋಗುತ್ತದೆ. "ಅವನು ಮಾರ್ತಾ ಇದ್ದ, ನೀವು ಗಿರಾಕಿ ಕಳಿಸ್ತಾ ಇದ್ರಿ. ಭಾವ ಬಾಮೈದ ಸೇರಿ ನಮಗೆಲ್ಲ ಚೆನ್ನಾಗಿ ನಾಮ ಹಾಕಿದ್ರಿ ಬಿಡಿ," ಎಂದ.

ನನಗೆ ಮೈಯೆಲ್ಲ ಉರಿಯಿತು. ಆಗ ತಾನೇ ನನ್ನವಳು ಟೀ ತಂದಿದ್ದಳು. ಅವಳ ತಲೆ ಮುಟ್ಟಿ, "ನೋಡು ಉದ್ದಣ್ಣ, ನನ್ನ ಹೆಂಡತಿ ಮೇಲಾಣೆ. ನಮ್ಮನೇಲಿ ಒಂದು ನರಪಿಳ್ಳೆಗೂ ಈ ವಿಷಯ ಗೊತ್ತಿರ್ಲಿಲ್ಲ," ಎಂದೆ. ಅವಳು ಟೀ ಲೋಟಗಳನ್ನು ಮೇಜಿನ ಮೇಲಿಟ್ಟು ಸರ್ರನೆ ಮೇಲೆ ಹೋದಳು. ಜಗಳ ಕಂಡರೆ ಅವಳಿಗೆ ಮೊದಲಿಂದ ಆಗದು. ಉದ್ದಣ್ಣ ಟೀ ಮುಟ್ಟದೆ ಹೋದ.

ಆಮೇಲೆ ನಮ್ಮ ಫೋಟೋದವರ ಸಂಘದಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿ ಉಳಿಯತೊಡಗಿತು. ನಾನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಎರಡು ಕ್ಯಾಮೆರಾ ಬೇಕಾದ ಮದುವೆಗಳಿಗೆ ನನ್ನನ್ನು ಕರೆಯುವುದನ್ನೂ ಬಿಟ್ಟರು. ಕೆಲಸ ಹೋದದ್ದಕ್ಕಿಂತ, ನನ್ನ ಮಾತಿಗೆ ಬೆಲೆ ಹೋಯಿತಲ್ಲ, ಅದು ಹೆಚ್ಚು ಚುಚ್ಚಿತು.

ಅಂಥ ದಿನಗಳಲ್ಲಿ ಬೋರ್ಡ್ ಮಾಡುವವನು ಪಾಸ್‌ಪೋರ್ಟ್ ಫೋಟೋಕ್ಕೆ ಬಂದ. ಗಲ್ಲ ಎತ್ತಿ ಕೂತವನು ಸುಮ್ಮನಿರಬೇಕಲ್ಲ.

"ಅಂತೂ ನಿಮ್ಮ ಬಾಮೈದನ ಹೊಸ ಬೋರ್ಡ್ ಏರಿಸೋ ಕಾಲ ಬಂತು ಸಾರ್. ನನ್ನ ಶೆಡ್ಡಲ್ಲಿ ಜಾಗ ತಿಂದು ತಿಂದು ಸಾಕಾಗಿತ್ತು."

"ಯಾವ ಬೋರ್ಡು?"

"ಅದೇ, ಬೆಳ್ಳಿ ಬಣ್ಣದ ಕ್ಯಾಮೆರಾ ಕಂಪನೀದು. ಮಾವಿನಹಣ್ಣು ಶುರುವಾಗೋ ಹೊತ್ತಿಗೇ ಮಾಡಿಸಿ ಇಟ್ಟಿದ್ರಲ್ಲ. ಬಟ್ಟೆ ಸುತ್ತಿ ಇಡು, ಯಾರಿಗೂ ತೋರಿಸ್ಬೇಡ ಅಂದಿದ್ರು."

ಮಾವಿನಹಣ್ಣು ಶುರುವಾಗುವ ಹೊತ್ತಿಗೆ! ನಾನು ಲೆನ್ಸ್ ತಗೊಂಡದ್ದು ಮಾವು ಮುಗಿಯುವಾಗ. ನನ್ನ ಕೈಗೆ ಲೆನ್ಸ್ ಕೊಟ್ಟು "ಬಂಡೆ ಥರ ಇದೆ" ಎಂದಾಗ, ಬೇರೆ ಕಂಪನಿಯ ಬೋರ್ಡು ಬಟ್ಟೆ ಸುತ್ತಿಕೊಂಡು ಶೆಡ್ಡಿನಲ್ಲಿ ಮಲಗಿತ್ತು. ಬೋರ್ಡಿನವನ ಫೋಟೋ ಹೇಗೆ ತೆಗೆದೆನೋ ದೇವರಿಗೇ ಗೊತ್ತು. ಅವನು ಹೋದ ಮೇಲೆ ಬಾಗಿಲು ಎಳೆದುಕೊಂಡು ಕೂತು ಹಲ್ಲು ಕಡಿದೆ. ಹೋಗಿ ಕೊರಳಪಟ್ಟಿ ಹಿಡಿದರೆ ಮತ್ತೆ ಕಣ್ಣೀರು ಸುರಿಸಿ "ಬೋರ್ಡಿನವನಿಗೆ ತಿಂಗಳು ಗೊತ್ತಿಲ್ಲ ಭಾವ" ಎನ್ನುತ್ತಾನೆ. ಇವನು ಎಲ್ಲರ ಮುಂದೆ ಸಿಕ್ಕಿಬೀಳಬೇಕು, ಅದೂ ಕಸುಬಿನವರ ಮುಂದೆ.

ದೇವರು ದೊಡ್ಡವನು. ಆ ವಾರವೇ ಬೆಣ್ಣೆ ತಾನಾಗಿ ನಡೆದುಕೊಂಡು ಬಂದ.

"ಭಾವ, ಹೊಸ ಷೋರೂಮ್ ಓಪನಿಂಗ್. ಮುಂದಿನ ಗೋಡೆ ತುಂಬಾ ನನ್ನ ಫೋಟೋ ಹಾಕ್ತಾ ಇದೀನಿ. ಮುಖ ದೊಡ್ಡದಾಗಿ, ಗಲ್ಲದ ಹತ್ರ ಕೈಯಲ್ಲಿ ಹೊಸ ಕ್ಯಾಮೆರಾ. ನಿಮ್ಮ ಕೈಯಲ್ಲೇ ತೆಗೀಬೇಕು. ಮನೆಯವರು ಮಾಡಿದ ಹಾಗಾಗತ್ತೆ."

ಹಿಂದೆ ನಿಂತಿದ್ದ ನನ್ನವಳು, "ಬೇಡ ಕಣೋ, ಬೇರೆ ಯಾರನ್ನಾದ್ರೂ ಕರಿ," ಎಂದಳು.

"ಯಾಕೆ ಬೇಡ? ತೆಗೀತೀನಿ," ಎಂದೆ. "ಆದರೆ ನನ್ನ ನೀಲಿ ಉಂಗುರದಲ್ಲೇ ತೆಗೀತೀನಿ. ನಿನ್ನ ಬೆಳ್ಳೀದು ನಿನ್ನ ಕೈಯಲ್ಲಿರ್ಲಿ."

"ಯಾರಿಗೆ ಗೊತ್ತಾಗತ್ತೆ ಬಿಡಿ ಭಾವ," ಎಂದು ನಕ್ಕ.

ನಮ್ಮ ಕಸುಬಿನವರಿಗೆ ಒಂದು ಚಾಳಿಯಿದೆ. ಬೇರೆಯವನು ತೆಗೆದ ಮುಖ ಕಂಡರೆ ಮೊದಲು ನೋಡುವುದು ಕಣ್ಣಿನ ಗುಡ್ಡೆಯನ್ನು. ಸಾಫ್ಟ್‌ಬಾಕ್ಸ್ ಅಂತ, ಬಿಳಿ ಬಟ್ಟೆ ಕಟ್ಟಿದ ದೊಡ್ಡ ಬೆಳಕಿನ ಪೆಟ್ಟಿಗೆ ಇರುತ್ತದಲ್ಲ, ಅದರ ಪ್ರತಿಬಿಂಬ ಗುಡ್ಡೆಯ ಮೇಲೆ ಬಿಳಿ ಚೌಕವಾಗಿ ಬಿದ್ದಿರುತ್ತದೆ. ಅದನ್ನು ನೋಡಿದರೆ ಲೈಟು ಎಲ್ಲಿಟ್ಟಿದ್ದ, ಎಷ್ಟು ಹತ್ತಿರ ಇಟ್ಟಿದ್ದ ಎನ್ನುವುದೆಲ್ಲ ತಿಳಿಯುತ್ತದೆ. ಬೇರೆ ಜನ ನಗು ನೋಡುತ್ತಾರೆ, ಬಟ್ಟೆ ನೋಡುತ್ತಾರೆ. ನಾವು ಕಣ್ಣಿನೊಳಗೆ ಇಣುಕಿ ಲೈಟು ಕದಿಯುತ್ತೇವೆ. ಎರಡು ಮಹಡಿ ಎತ್ತರದ ಮುಖದಲ್ಲಿ ಆ ಬಿಳಿ ಚೌಕ ಊಟದ ತಟ್ಟೆಯಷ್ಟಾದರೂ ಆಗುತ್ತದೆ.

ಕಪ್ಪು ರಟ್ಟು ತಂದು ಅಕ್ಷರ ಕತ್ತರಿಸಿದೆ. ಒಂದೇ ಪದ: ಗೊತ್ತಿತ್ತು. ಒತ್ತಕ್ಷರ ಕೊರೆಯುವಾಗ ಹೆಬ್ಬೆರಳು ಕೊಯ್ದುಕೊಂಡು ಆ ರಕ್ತವನ್ನೂ ಬೆಣ್ಣೆಯ ಲೆಕ್ಕಕ್ಕೇ ಬರೆದೆ. ಕಣ್ಣಿನಲ್ಲಿ ಬೀಳುವುದು ಕನ್ನಡಿಯ ಬಿಂಬವಾದ್ದರಿಂದ ಅಕ್ಷರಗಳನ್ನು ತಿರುಗುಮುರುಗಾಗಿ, ಬಟ್ಟೆಯ ಒಳಮೈಗೆ ಅಂಟಿಸಿದೆ. ಹೊರಗಿನಿಂದ ನೋಡಿದರೆ ಬರೀ ಬಿಳಿ ಬಟ್ಟೆ. ಫ್ಲ್ಯಾಶ್ ಮಿಂಚಿದ ಕ್ಷಣ ಮಾತ್ರ ಪದ ಕಾಣುತ್ತದೆ, ಅಷ್ಟರಲ್ಲಿ ಕೂತವನ ಕಣ್ಣು ಕತ್ತಲೆಗಟ್ಟಿರುತ್ತದೆ. ಒಂದು ಕರೀ ಗೋಲಿಯನ್ನು ಸ್ಟೂಲಿನ ಮೇಲಿಟ್ಟು ತೆಗೆದು ನೋಡಿದೆ. ಗೋಲಿಯಲ್ಲಿ ಪದ ನೆಟ್ಟಗೆ ಕೂತಿತ್ತು. ಒಬ್ಬನೇ ಕೂತು ಹುಚ್ಚನ ಹಾಗೆ ನಕ್ಕೆ.

ಬೆಣ್ಣೆ ಹೊಸ ಅಂಗಿ ತೊಟ್ಟು ಬಂದ. ಸಾಫ್ಟ್‌ಬಾಕ್ಸನ್ನು ಅವನ ಮೂಗಿಗೆ ತಾಗುವಷ್ಟು ಹತ್ತಿರ ತಂದೆ.

"ಇಷ್ಟು ಹತ್ರಾನಾ ಭಾವ?"

"ಮುಖದಲ್ಲಿ ಕಳೆ ಬರತ್ತೆ. ಕಣ್ಣು ಚೆನ್ನಾಗಿ ಬಿಡು. ಇನ್ನೂ ಬಿಡು. ಹಾಂ, ಮುಚ್ಚುಮರೆ ಇಲ್ಲದವನ ಹಾಗೆ ನೋಡು."

ಪಾಪ, ಹಾಗೇ ನೋಡಿದ. ಎಡಕ್ಕೆ ತಿರುಗಿಸಿ ಕಣ್ಣಿಗೇ ಗುರಿಯಿಟ್ಟು ಹೊಡೆದೆ.

ಕೊನೆಯ ತಿದ್ದುಪಡಿ ನಾನೇ ಮಾಡಬೇಕೆಂದು ಲೆಕ್ಕ ಹಾಕಿದ್ದೆ, ಏಕೆಂದರೆ ನನ್ನವಳು ಎಲ್ಲಕ್ಕಿಂತ ಮೊದಲು ಕಣ್ಣಿಗೇ ಕೈ ಹಾಕುತ್ತಾಳೆ. ಆದರೆ ನಾನು ಯಾರದೋ ಗೃಹಪ್ರವೇಶದ ಫೋಟೋ ಮುಗಿಸಿ ಬರುವಷ್ಟರಲ್ಲಿ ಅವಳು ಎಲ್ಲ ಮುಗಿಸಿ ಪ್ರಿಂಟಿಂಗಿನವನಿಗೆ ಕಳಿಸಿಬಿಟ್ಟಿದ್ದಳು.

"ಕಣ್ಣು?" ಎಂದೆ, ಏನೂ ಗೊತ್ತಿಲ್ಲದವನ ಹಾಗೆ.

"ಕಣ್ಣು ನೋಡಿದೆ. ಸರಿ ಮಾಡಿ ಕಳಿಸಿದೆ," ಎಂದು ಸೊಪ್ಪು ಬಿಡಿಸಲು ಕೂತಳು.

ಹೋಯಿತು! ಅಳಿಸಿಬಿಟ್ಟಿದ್ದಾಳೆ. ತಮ್ಮನಲ್ಲವೇ, ಅಳಿಸದೆ ಬಿಡುತ್ತಾಳೆಯೇ? ಕೇಳೋಣವೆಂದರೆ ನಾನೇ ಕೆಟ್ಟವನಾಗುತ್ತೇನೆ, ಕೇಳದಿದ್ದರೆ ಹೊಟ್ಟೆ ಒಡೆಯುತ್ತದೆ. ಓಪನಿಂಗ್ ದಿನದವರೆಗೆ ನನಗೆ ಊಟ ರುಚಿಸಲಿಲ್ಲ. ಅವಳೂ ಸರಿಯಾಗಿ ಉಣ್ಣಲಿಲ್ಲ. ನನ್ನದೇ ಉರಿಯಲ್ಲಿ ಬೇಯುತ್ತಿದ್ದ ನಾನು ಅದನ್ನು ಗಮನಿಸಿಯೂ ಗಮನಿಸಲಿಲ್ಲ.

ಓಪನಿಂಗಿಗೆ ಬರುವುದಿಲ್ಲ, ತಲೆನೋವು ಎಂದಳು. ಒಬ್ಬನೇ ಹೋದೆ. ಷೋರೂಮಿನ ಮುಂದೆ ಊರಿನ ಕ್ಯಾಮೆರಾದವರೆಲ್ಲ ಸೇರಿದ್ದರು. ಮೋಸಹೋದವರು ಮುಂದಿನ ಸಾಲಿನಲ್ಲೇ ಇದ್ದರು. ಹಳೆಯದನ್ನು ಕೊಟ್ಟು ಹೊಸದು ತಗೊಂಡರೆ ರಿಯಾಯಿತಿ ಎಂದು ಬೆಣ್ಣೆ ಆಸೆ ಹಚ್ಚಿದ್ದ. ಬೋರ್ಡಿನವನು ಏಣಿಯ ತುದಿಯಲ್ಲಿದ್ದ. ಬೆಣ್ಣೆ ಹಗ್ಗ ಎಳೆದ. ಪರದೆ ಬಿತ್ತು.

ಚಪ್ಪಾಳೆ ಬಿತ್ತು. ಆಮೇಲೆ ಒಬ್ಬೊಬ್ಬರದೇ ಚಪ್ಪಾಳೆ ನಿಂತಿತು. ನಮ್ಮವರೆಲ್ಲ ಹುಟ್ಟುಚಾಳಿಯಂತೆ ಕಣ್ಣು ನೋಡಿದ್ದರು. ಬೆಣ್ಣೆಯ ಎರಡೂ ಕಣ್ಣುಗಳಲ್ಲಿ ಬಿಳಿ ಚೌಕ, ಚೌಕದ ನಡುವೆ ಕಪ್ಪಗೆ, ಬೀದಿಯ ಆಚೆ ಬದಿಯಿಂದಲೂ ಓದುವಷ್ಟು ದಪ್ಪಗೆ, ಅದೇ ಪದ.

ಉದ್ದಣ್ಣ ಗಟ್ಟಿಯಾಗಿ ಓದಿದ. "ಗೊತ್ತಿತ್ತು." ಬೆಣ್ಣೆಯ ಕಡೆ ತಿರುಗಿ, "ಏನಪ್ಪ ಗೊತ್ತಿತ್ತು ನಿನಗೆ?" ಎಂದ.

"ಏನು? ಎಲ್ಲಿ?" ಬೆಣ್ಣೆ ಕತ್ತೆತ್ತಿ ತನ್ನ ಕಣ್ಣನ್ನು ತಾನೇ ನೋಡಿಕೊಂಡ. ಮುಖದ ಬಣ್ಣ ಇಳಿಯಿತು. "ಇದು... ಪ್ರಿಂಟಿಂಗಲ್ಲಿ ಏನೋ ತಪ್ಪಾಗಿದೆ."

"ಕಂಪನಿ ಮುಚ್ಚೋದು ಮೊದಲೇ ಗೊತ್ತಿತ್ತಾ ಅಂತ ಕೇಳ್ತಾ ಇದೀನಿ."

"ಅಯ್ಯೋ, ನನಗೆ ಹೇಗೆ ಗೊತ್ತಿರತ್ತೆ? ಪೇಪರ್ ನೋಡಿ..."

ಏಣಿಯ ಮೇಲಿಂದ ಬೋರ್ಡಿನವನು, ಪಾಪ, ಒಳ್ಳೆಯದು ಮಾಡುವವನ ಹಾಗೆ ಬಾಯಿ ಹಾಕಿದ. "ಗೊತ್ತಿಲ್ದೆ ಏನ್ ಸಾರ್? ಮಾವಿನಹಣ್ಣಿನ ಟೈಮಲ್ಲೇ ಬೋರ್ಡ್ ರೆಡಿ ಮಾಡಿಸಿದ್ರಲ್ಲ!"

ಆಹಾ! ಆ ಕ್ಷಣವನ್ನು ಯಾವ ಕ್ಯಾಮೆರಾದಲ್ಲೂ ಹಿಡಿಯಲಾಗದು. ಬೈಗುಳ ಎದ್ದಿತು. ಹೊಸ ಕ್ಯಾಮೆರಾಕ್ಕೆ ಹೆಸರು ಬರೆಸಿದ್ದವರು ಬೇಡ ಎಂದು ಹೊರಟರು. ಬೆಳ್ಳಿ ಕಂಪನಿಯಿಂದ ಬಂದಿದ್ದ ಕೋಟಿನವನು ಅವರನ್ನು ತಡೆಯಲು ಹೋಗಿ ತಾನೂ ಬೈಸಿಕೊಂಡ. ನನಗೆ ಹೊಟ್ಟೆ ತಂಪಾಯಿತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಉದ್ದಣ್ಣ ಬಂದು ನನ್ನ ಹೆಗಲ ಮೇಲೆ ಕೈ ಹಾಕಿ, "ತಪ್ಪು ತಿಳ್ಕೊಂಡಿದ್ದೆ ನೀಲಿಯಣ್ಣ. ಇದು ನಿಮ್ಮ ಕೈಕೆಲಸ ಅಂತ ಲೈಟ್ ನೋಡಿದ್ರೇನೇ ಗೊತ್ತಾಗತ್ತೆ," ಎಂದ. ಎಷ್ಟು ದಿನವಾಗಿತ್ತು ಆ ಕೈಯ ಭಾರ ಹೊತ್ತು!

ಬೆಣ್ಣೆ ಜನರನ್ನು ತಳ್ಳಿಕೊಂಡು ನಮ್ಮ ಮುಂದೆ ಬಂದು ನಿಂತ. ಕಣ್ಣಲ್ಲಿ ಈ ಸಲ ನೀರಿರಲಿಲ್ಲ.

"ನನಗೊಬ್ಬನಿಗೇನಾ ಭಾವ ಗೊತ್ತಿದ್ದಿದ್ದು?" ಎಂದ. "ಮನೆಗೆ ಹೋಗಿ ಅಕ್ಕನ್ನ ಕೇಳಿ. ಬೋರ್ಡಿಗೆ ಹೇಳೋ ಮುಂಚೆ ಅವಳಿಗೆ ಹೇಳಿದ್ದೆ."

ನಾನು ಏನನ್ನೋ ಬೈದೆ. ಸುಳ್ಳುಗಾರ, ಅಕ್ಕನನ್ನೂ ಎಳೆಯುತ್ತೀಯಾ ಎಂದೆ. ಆದರೆ ಬೈಯುತ್ತಿರುವಾಗಲೇ, ಟೀ ಲೋಟ ಇಟ್ಟು ಸರ್ರನೆ ಮೇಲೆ ಹೋದವಳ ಬೆನ್ನು ಕಣ್ಣ ಮುಂದೆ ಬಂತು. ಉದ್ದಣ್ಣ ನನ್ನ ಮುಖ ನೋಡಿದ. ಹೆಗಲ ಮೇಲಿನ ಕೈ ಮೆಲ್ಲಗೆ ತೆಗೆದ.

"ಹೆಂಡತಿ ತಲೆ ಮುಟ್ಟಿ ಆಣೆ ಇಟ್ಟಿದ್ರಿ," ಎಂದಷ್ಟೇ ಹೇಳಿ ಹೊರಟುಹೋದ.

ಮನೆಗೆ ಹೇಗೆ ನಡೆದೆನೋ ತಿಳಿಯದು. ಅವಳು ಸ್ಟುಡಿಯೋದಲ್ಲೇ ಇದ್ದಳು, ಕಂಪ್ಯೂಟರಿನ ಕುರ್ಚಿಯಲ್ಲಿ, ಕೈ ಕಟ್ಟಿಕೊಂಡು. ತಲೆನೋವಿನವಳ ಹಾಗೆ ಕಾಣಲಿಲ್ಲ.

"ಓದಿದ್ರಾ ಎಲ್ಲರೂ?" ಎಂದು ಅವಳೇ ಕೇಳಿದಳು.

"ನೀನು ಅಳಿಸಲಿಲ್ಲ."

"ಅಳಿಸೋದೇನು, ನಿಮ್ಮ ಅಕ್ಷರದ ಅಂಚೆಲ್ಲ ಮಸುಕಾಗಿತ್ತು. ಅಷ್ಟು ದೊಡ್ಡದು ಮಾಡಿದ್ರೆ ಬರೀ ಮಸಿ ಕಾಣ್ತಿತ್ತು. ಅರ್ಧ ದಿನ ಕೂತು ನಾನೇ ಚೂಪು ಮಾಡಿದೆ."

"ನಿನಗೂ ಗೊತ್ತಿತ್ತಾ?"

"ಗೊತ್ತಿತ್ತು."

ಅಷ್ಟು ನೇರವಾಗಿ ಹೇಳುತ್ತಾಳೆಂದು ನಾನು ಎಣಿಸಿರಲಿಲ್ಲ.

"ಇರೋ ಮಾಲು ಖಾಲಿಯಾಗೋವರೆಗೂ ಬಾಯಿ ಬಿಡಬೇಡ ಅಕ್ಕ, ಇಲ್ಲಾಂದ್ರೆ ನಾನು ಬೀದಿಗೆ ಬೀಳ್ತೀನಿ ಅಂತ ಕಾಲು ಹಿಡಿದ. ಭಾವನಿಗೆ ಒಂದೂ ಮಾರಲ್ಲ ಅಂತ ಮಾತು ಕೊಟ್ಟ. ಅಮ್ಮ ಹೋದ ಮೇಲೆ ನಾನೇ ಎತ್ತಿ ಬೆಳೆಸಿದ ಹುಡುಗ, ನಂಬಿದೆ. ಆಮೇಲೆ ನೀವು ಆ ಲೆನ್ಸ್ ಹಿಡ್ಕೊಂಡು ಮಗು ಥರ ನಗ್ತಾ ಮನೆಗೆ ಬಂದ್ರಿ. ಆವತ್ತೇ ಹೇಳಬೇಕಿತ್ತು. ಬಾಯಿ ಬರ್ಲಿಲ್ಲ. ಉದ್ದಣ್ಣನ ಮುಂದೆ ನನ್ನ ತಲೆ ಮುಟ್ಟಿದಾಗಲಾದ್ರೂ ಹೇಳಬೇಕಿತ್ತು. ಆಗಲೂ ಬರ್ಲಿಲ್ಲ. ಅವತ್ತಿಂದ ಅನ್ನ ಇಳೀತಿಲ್ಲ ನನಗೆ."

"ಉದ್ದಣ್ಣ ಮತ್ತೆ ಹೋದ," ಎಂದೆ. "ನಾನೂ ಕಳ್ಳ ಅಂತ ತಿಳ್ಕೊಂಡು ಹೋದ. ನಿನ್ನಿಂದ."

ಅವಳು ಎದ್ದಳು. ಸಾಫ್ಟ್‌ಬಾಕ್ಸಿನ ಬಟ್ಟೆಗೆ ಬೆರಳು ಒತ್ತಿ, ಒಳಗಿನ ರಟ್ಟಿನ ಅಂಚು ತಡವಿ ನೋಡಿದಳು. ಆಮೇಲೆ ಅದರ ಮುಂದಿನ ಸ್ಟೂಲಿನ ಮೇಲೆ ಕೂತು, ಸೆರಗು ಸರಿಮಾಡಿಕೊಂಡಳು.

"ಅಕ್ಷರ ಹಾಗೇ ಇದೆ. ನಂದೂ ಒಂದು ತೆಗೀರಿ. ಉದ್ದಣ್ಣನಿಗೆ ಕಳಿಸಿ. ಗೊತ್ತಿದ್ದವಳು ನಾನು, ನೀವಲ್ಲ ಅಂತ ಅವನೇ ಓದ್ಕೊಳ್ಳಲಿ."

ಬೇಡ ಬಿಡು ಎಂದು ಹೇಳುವ ಗಂಡಂದಿರೂ ಇರಬಹುದು. ನನಗೆ ಆ ಹೊತ್ತಿನಲ್ಲಿ ಕರುಣೆ ಬರಲಿಲ್ಲ. ಕಂಪನಿ ಕೈಕೊಟ್ಟಿತ್ತು, ಬಾಮೈದ ಕೈಕೊಟ್ಟಿದ್ದ, ಈಗ ಇವಳು. ನೀಲಿ ಉಂಗುರ ಎತ್ತಿಕೊಂಡೆ. ಬೆರಳು ತಾನಾಗಿ ಎಡಕ್ಕೆ ತಿರುಗಿತು, ಅವಳ ಮುಖ ಹತ್ತಿರ ಬಂತು. ಕಣ್ಣಿನ ಸುತ್ತ ನಾನು ನೋಡದ ಎಷ್ಟೋ ಗೆರೆಗಳಿದ್ದವು.

"ಮಿಟುಕಿಸಬೇಡ," ಎಂದೆ. ಅಭ್ಯಾಸಬಲ.

ಒತ್ತಿದೆ. ಕೋಣೆಯೆಲ್ಲ ಬೆಳ್ಳಗಾಯಿತು. ಅವಳು ಮಿಟುಕಿಸಲಿಲ್ಲ.

ಕ್ಯಾಮೆರಾದ ಪರದೆಯಲ್ಲಿ ನೋಡಿದೆ. ಎರಡು ಕಣ್ಣೂ ತೆರೆದಿದ್ದವು, ಎರಡರಲ್ಲೂ ಅದೇ ಪದ ನೆಟ್ಟಗೆ ಕೂತಿತ್ತು. ಅವಳ ಎದುರಿಗೇ ಉದ್ದಣ್ಣನಿಗೆ ಕಳಿಸಿ, ಸಿಟ್ಟು ಆರುವ ಮೊದಲೇ ನನ್ನಲ್ಲಿದ್ದದ್ದನ್ನು ಅಳಿಸಿಹಾಕಿದೆ.

ಉದ್ದಣ್ಣ ಮಾರನೆಯ ಬೆಳಿಗ್ಗೆಯೇ ಬಂದು ಒಳಗೆ ಕೂತು ಟೀ ಕುಡಿದ. ಸಂಘದಲ್ಲಿ ಈಗ ನನ್ನ ಪಕ್ಕದ ಕುರ್ಚಿಗೆ ಜನ ಬರುತ್ತಾರೆ. ಬೆಣ್ಣೆಯ ಷೋರೂಮಿಗೆ ಬೀಗ ಬಿದ್ದಿದೆ. ನನಗೆ ಬೇಕಾದದ್ದೆಲ್ಲ ಆಯಿತು. ನನ್ನವಳು ಮೊದಲಿನಂತೆ ಕೂತು ಊರಿನವರ ಕಣ್ಣು ತೆರೆಸುತ್ತಾಳೆ, ನಾನು ಕರೆದರೆ ಸ್ಟೂಲಿನ ಮೇಲೆ ಬಂದು ಕೂರುತ್ತಾಳೆ ಕೂಡ. ಫ್ಲ್ಯಾಶ್ ಮಿಂಚಿದ ಕೂಡಲೇ ಕಣ್ಣು ಮುಚ್ಚುತ್ತಾಳೆ. ಅವಳ ಕಣ್ಣು ತೆರೆದಿರುವ ಒಂದೇ ಒಂದು ಫೋಟೋ ಇರುವುದು ಉದ್ದಣ್ಣನ ಹತ್ತಿರ. ಅದನ್ನು ವಾಪಸ್ ಕೊಡು ಎಂದು ಕೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ.